ಗುರುವೃಂದವೂ ಗೋಷ್ಠಿಧರ್ಮವೂ

ಸೂರು ಒಂದಾದ ಮಾತ್ರಕ್ಕೆ ಸಂಸಾರವು ಒಂದಾಗುವುದಿಲ್ಲ. ನಾಲ್ವರು ಅಣ್ಣತಮ್ಮಂದಿರು ಒಂದೇ ಮಾಡಿನ ಕೆಳಗಿದ್ದು ನಾಲ್ಕು ಒಲೆಗಳನ್ನು ಹೂಡಿದ್ದರೆ ಅದನ್ನು ಅವಿಭಕ್ತ ಕುಟುಂಬವೆಂದು ಯಾರೂ ಕರೆಯಲಾರರು. ಗೃಹಸ್ಥರಿಗೆ ಈ ಮಾತು ಹೊಸದಲ್ಲ. ಆದರೆ ನಮ್ಮ ಮಕ್ಕಳು ಹಗಲಿನ ಬಹುಭಾಗವನ್ನು ಕಳೆಯತಕ್ಕ ಪ್ರಾಥಮಿಕ ಶಾಲೆಯ ವಿಷಯದಲ್ಲಿ ನಾವು ಹೀಗೆ ಯೋಚಿಸಿದ್ದು ಕಡಮೆ. ಅಲ್ಲಿ ಐದಾರು ಮಂದಿ ಶಿಕ್ಷಕರು ಒಂದೇ ಹಾಜರಿ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಒಂದೇ ಗಂಟೆಯ ನಾದಕ್ಕೆ ಎದ್ದು ತಂತಮ್ಮ ಕೋಣೆಗಳನ್ನು ಹೊಗುತ್ತಾರೆ. ಸಂಜೆ ಒಂದೇ ಬಸ್ಸಿಗೆ ಕಾಯುತ್ತಾರೆ. ಇಷ್ಟರಿಂದ ಅವರು ಒಂದು ಗುರುವೃಂದವಾದಂತಾಯಿತೆ? ಅಥವಾ ಅದೂ ಐದಾರು ಒಲೆಗಳ ಒಂದು ಮನೆಯೆ?

ಮೇಲುನೋಟಕ್ಕೆ ಇದು ಶಾಲಾ ಆಡಳಿತಕ್ಕೆ ಸಂಬಂಧಿಸಿದ ಪ್ರಶ್ನೆಯಂತೆ ಕಾಣುತ್ತದೆ. ವಿಚಾರಿಸಿ ನೋಡಿದರೆ ಇದು ಧರ್ಮದ ಪ್ರಶ್ನೆಯೇ ಸರಿ. ತನ್ನ ತರಗತಿಯನ್ನು ತಾನು ಚೆನ್ನಾಗಿ ನಡೆಸಿಕೊಂಡು ಹೋದ ಶಿಕ್ಷಕನ ಕಾಯಕ ಅಲ್ಲಿಗೆ ಪೂರ್ಣವಾಯಿತೆ? ಪಕ್ಕದ ಕೋಣೆಯ ಮಗುವಿನ ವಿಷಯದಲ್ಲಿ, ಪಕ್ಕದ ಕೋಣೆಯ ಸಹೋದ್ಯೋಗಿಯ ವಿಷಯದಲ್ಲಿ, ಅವನಿಗೆ ಋಣವೇನಾದರೂ ಉಂಟೆ? ಈ ಲೇಖನದಲ್ಲಿ ಇಷ್ಟನ್ನು ಮಾತ್ರ ವಿಚಾರಕ್ಕೆ ತೆಗೆದುಕೊಳ್ಳುತ್ತೇವೆ.

ಪ್ರಶ್ನೆಯು ಎಲ್ಲ ಊರಿನದಾದರೂ ಅದು ಸ್ಪಷ್ಟವಾಗಿ ಗೋಚರಿಸುವ ಒಂದು ಸೀಮೆಯುಂಟು. ಅದು ಘಟ್ಟದ ಕೆಳಗಿನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆ. ದಕ್ಷಿಣ ಕನ್ನಡ ಜಿಲ್ಲೆಯ ಏಳು ಶೈಕ್ಷಣಿಕ ವಲಯಗಳಲ್ಲಿ ಇವು ಮೂರು. ಬಂಟ್ವಾಳವು ನೇತ್ರಾವತಿಯ ದಡದಲ್ಲಿದೆ. ಬೆಳ್ತಂಗಡಿಯ ಹಳ್ಳಿಗಳು ಚಾರ್ಮಾಡಿ ಘಾಟಿಯ ಬುಡದವರೆಗೆ ಹಬ್ಬಿವೆ. ಮೂಡುಬಿದಿರೆಯು ಬಸದಿಗಳಿಂದ ಪ್ರಸಿದ್ಧವಾದ ಊರು. ಬಯಲುಸೀಮೆಯ ಊರುಗಳಂತೆ ಇಲ್ಲಿ ಮನೆಗಳು ಒತ್ತೊತ್ತಾಗಿ ಕುಳಿತಿಲ್ಲ. ಅಡಕೆಯ ತೋಟಕ್ಕೊಂದು, ಗುಡ್ಡದ ಓರೆಗೊಂದು ಮನೆ. ಮಳೆಗಾಲದಲ್ಲಿ ಕಾಲುಸಂಕಗಳನ್ನು ದಾಟಿ ಮಕ್ಕಳು ಶಾಲೆಗೆ ಬರಬೇಕು. ಮನೆಯಲ್ಲಿ ಆಡುವ ಮಾತು ಹಲವರದು ತುಳು, ಕೆಲವರದು ಕೊಂಕಣಿ, ಕೆಲವರದು ಬ್ಯಾರಿ, ಕೆಲವರದು ಕನ್ನಡ. ಶಾಲೆಯ ಪಾಠ ಮಾತ್ರ ಕನ್ನಡದಲ್ಲಿ. ಮೇಲಾಗಿ ಈ ಶಾಲೆಗಳಿಗೆ ನೇಮಕವಾಗಿ ಬಂದ ಶಿಕ್ಷಕರಲ್ಲಿ ಬಯಲುಸೀಮೆಯವರೂ ಉತ್ತರ ಕರ್ನಾಟಕದವರೂ ಅನೇಕರಿದ್ದಾರೆ. ನಮ್ಮ ಸಮಾಜದ ಎಷ್ಟೋ ಮನೆಗಳ ಮಗನೋ ಸೊಸೆಯೋ ಹೀಗೆ ಘಟ್ಟವಿಳಿದು ಹೋಗಿ ನೆಲೆಸಿರುವುದುಂಟು. ಆದುದರಿಂದ ಇದು ನಮಗೆ ದೂರದ ಮಾತಲ್ಲ.

ಹೀಗೊಂದು ಸನ್ನಿವೇಶವನ್ನು ಭಾವಿಸಿರಿ. ಬಯಲುಸೀಮೆಯಿಂದ ಬಂದ ಶಿಕ್ಷಕರೊಬ್ಬರು ಒಂದನೆಯ ತರಗತಿಯಲ್ಲಿ ಮನೆಯ ಚಿತ್ರವನ್ನು ತೋರಿಸಿ, ‘ಇದೇನು?’ ಎಂದು ಕೇಳುತ್ತಾರೆ. ಹುಡುಗಿಯೊಬ್ಬಳು ಎದ್ದು ನಿಂತು, ‘ಇಲ್ಲ್’ ಎನ್ನುತ್ತಾಳೆ. ಶಿಕ್ಷಕರ ಕಿವಿಗೆ ಅದು ‘ಇಲ್ಲ’ ಎಂದು ಬೀಳುತ್ತದೆ. ಮತ್ತೊಮ್ಮೆ ಕೇಳುತ್ತಾರೆ, ಮತ್ತೊಮ್ಮೆ ಅದೇ ಉತ್ತರ. ಹುಡುಗಿಗೆ ಏನೂ ತಿಳಿಯದು, ಅಥವಾ ಹಟಮಾರಿ ಎಂದು ಅವರು ನಿರ್ಧರಿಸುತ್ತಾರೆ. ಹುಡುಗಿಯಾದರೋ ಸರಿಯಾದ ಉತ್ತರವನ್ನೇ ಹೇಳಿದ್ದಾಳೆ. ತುಳುವಿನಲ್ಲಿ ‘ಇಲ್ಲ್’ ಎಂದರೆ ಮನೆ. ಎರಡು ಸಲ ಸರಿಯಾಗಿ ಹೇಳಿಯೂ ಎರಡು ಸಲ ತಪ್ಪೆನಿಸಿಕೊಂಡ ಆ ಮಗು ಮೂರನೆಯ ಸಲ ಬಾಯಿ ತೆರೆಯುವುದಿಲ್ಲ. ವರ್ಷದ ಕೊನೆಗೆ ಅದು ‘ಮಾತಾಡದ ಮಗು’ ಎಂಬ ಹೆಸರನ್ನು ಹೊತ್ತು ಎರಡನೆಯ ತರಗತಿಗೆ ಹೋಗುತ್ತದೆ.

ಈಗ ಇನ್ನೊಂದು ಸಂಗತಿ. ಅದೇ ಶಾಲೆಯಲ್ಲಿ ಅದೇ ಊರಿನ ಒಬ್ಬ ಯುವತಿ ಅತಿಥಿ ಶಿಕ್ಷಕಿಯಾಗಿದ್ದಾರೆ. ಆ ಶಿಕ್ಷಕರು ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ‘ಅಕ್ಕೋರೆ, ಈ ಹುಡುಗಿ ಮನೆಯ ಚಿತ್ರ ನೋಡಿ ಇಲ್ಲ ಇಲ್ಲ ಅಂತಾಳಲ್ಲ, ಯಾಕೆ?’ ಎಂದು ಕೇಳಿದ್ದರೆ ಸಾಕಿತ್ತು. ‘ಸರ್, ಅವಳು ಹೇಳಿದ್ದು ಸರಿಯೇ’ ಎಂದು ಆಕೆ ನಗುತ್ತ ಉತ್ತರಿಸುತ್ತಿದ್ದರು. ಅರ್ಧ ನಿಮಿಷದ ಮಾತು. ಆ ಅರ್ಧ ನಿಮಿಷದ ಮಾತಿಲ್ಲದೆ ಒಂದು ಮಗುವಿನ ಒಂದು ವರ್ಷ ಹೋಯಿತು. ಹಾಗಾದರೆ ಶಿಕ್ಷಕರು ಏಕೆ ಕೇಳಲಿಲ್ಲ? ಆಕೆ ತಾವಾಗಿ ಏಕೆ ಹೇಳಲಿಲ್ಲ? ನಮ್ಮ ಪ್ರಶ್ನೆಯ ಮೂಲವು ಇಲ್ಲಿದೆ.

ಶಿಕ್ಷಕರು ಕೇಳದಿದ್ದುದು ಸೋಮಾರಿತನದಿಂದಲ್ಲ. ಕೇಳಿದರೆ ತನಗೆ ಗೊತ್ತಿಲ್ಲವೆಂದು ಒಪ್ಪಿಕೊಂಡಂತಾಗುತ್ತದೆ ಎಂಬ ಸಂಕೋಚ ಅವರನ್ನು ತಡೆಯಿತು. ಗುರುವಾದವನು ಎಲ್ಲವನ್ನೂ ಬಲ್ಲವನಾಗಿರಬೇಕೆಂದು ಲೋಕವು ನಿರೀಕ್ಷಿಸುತ್ತದೆ. ಆ ನಿರೀಕ್ಷೆಯೇ ಅವನಿಗೆ ಬಂಧನವಾಗುತ್ತದೆ. ಆಕೆಯು ಹೇಳದಿದ್ದುದಕ್ಕೂ ಕಾರಣವುಂಟು. ವರ್ಷವರ್ಷಕ್ಕೆ ತಾತ್ಕಾಲಿಕವಾಗಿ ನೇಮಕಗೊಳ್ಳುವ ತಾನು ಖಾಯಂ ಆದ ಹಿರಿಯರನ್ನು ತಿದ್ದುವುದೆ ಎಂಬ ಅಂಜಿಕೆ. ಒಬ್ಬರಿಗೆ ಮಾನದ ಭಯ. ಇನ್ನೊಬ್ಬರಿಗೆ ಸ್ಥಾನದ ಭಯ. ಈ ಎರಡು ಭಯಗಳ ನಡುವೆ ಮಗುವು ಮೂಕವಾಯಿತು.

ಇಲ್ಲಿ ಶರಣರ ಜೀವನವನ್ನು ಸ್ಮರಿಸುವುದು ಉಚಿತ. ಹದಿನೈದನೆಯ ಶತಮಾನದಿಂದೀಚೆಗೆ ಸಂಕಲನಗೊಂಡ ಶೂನ್ಯಸಂಪಾದನೆಗಳು ಕಲ್ಯಾಣದ ಅನುಭವ ಮಂಟಪವನ್ನು ಚಿತ್ರಿಸುವ ರೀತಿಯನ್ನು ಗಮನಿಸಬೇಕು. ಆ ಮಂಟಪವು ಹೊಗಳಿಕೆಯ ಸಭೆಯಾಗಿರಲಿಲ್ಲ. ಅಲ್ಲಿಗೆ ಬಂದವರೆಲ್ಲರೂ ಪ್ರಶ್ನೆಗೊಳಗಾದರು. ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಕಠಿನವಾಗಿಯೇ ಪ್ರಶ್ನಿಸಿದರು. ಆಕೆ ಅಂಜದೆ ಉತ್ತರ ಕೊಟ್ಟರು. ಪ್ರಶ್ನಿಸಿದವರೇ ಆಕೆಯ ಹಿರಿಮೆಯನ್ನು ಸಭೆಗೆ ಸಾರಿದರು. ದೊರೆಯ ಆಸ್ಥಾನದಲ್ಲಿ ಅಧಿಕಾರವಿದ್ದವರು ಬಸವಣ್ಣನವರು. ಆದರೂ ಶೂನ್ಯಸಿಂಹಾಸನದಲ್ಲಿ ಅವರು ತಾವು ಕೂಡಲಿಲ್ಲ, ಪ್ರಭುಗಳನ್ನು ಕೂಡಿಸಿದರು. ಮಡಿವಾಳ, ಅಂಬಿಗ, ನುಲಿ ಹೊಸೆಯುವವ, ಅಕ್ಕಿ ಆಯುವವ, ಇವರೆಲ್ಲ ತಮ್ಮ ತಮ್ಮ ಕಾಯಕದ ಅನುಭವವನ್ನು ಅಲ್ಲಿಗೆ ತಂದರು. ಯಾರ ಕಾಯಕವೂ ಕೀಳಾಗಲಿಲ್ಲ. ಯಾರ ಕಾಯಕವೂ ಪ್ರಶ್ನಾತೀತವಾಗಲಿಲ್ಲ. ಈ ಎರಡು ಲಕ್ಷಣಗಳು ಕೂಡಿದುದನ್ನೇ ನಾವು ಗೋಷ್ಠಿಧರ್ಮವೆಂದು ಕರೆಯುತ್ತೇವೆ. ಮೊದಲನೆಯದು ಮಾತ್ರವಿದ್ದರೆ ಅದು ಪರಸ್ಪರ ಸ್ತುತಿಯಾಗುತ್ತದೆ. ಎರಡನೆಯದು ಮಾತ್ರವಿದ್ದರೆ ತನಿಖೆಯಾಗುತ್ತದೆ.

ಆಯ್ದಕ್ಕಿ ಮಾರಯ್ಯನವರ ಕಥೆ ಎಲ್ಲರಿಗೂ ತಿಳಿದುದೇ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದರು. ಪತ್ನಿ ಲಕ್ಕಮ್ಮನವರು ಅದನ್ನು ಒಪ್ಪದೆ ಹಿಂದಕ್ಕೆ ಕಳುಹಿದರು. ಈ ಕಥೆಯಲ್ಲಿ ಲಕ್ಕಮ್ಮನವರ ನಿಷ್ಠೆಯನ್ನು ನಾವು ಕೊಂಡಾಡುತ್ತೇವೆ, ಅದು ಯುಕ್ತವೇ. ಆದರೆ ಮಾರಯ್ಯನವರನ್ನೂ ನೋಡಬೇಕು. ಅವರು ವಾದಿಸಲಿಲ್ಲ, ಮುನಿಯಲಿಲ್ಲ. ಅಕ್ಕಿಯನ್ನು ಹೊತ್ತು ಹಿಂತಿರುಗಿ ನಡೆದರು. ತಿದ್ದುವ ಧೈರ್ಯ ಎಷ್ಟು ದೊಡ್ಡದೋ ತಿದ್ದಿಸಿಕೊಳ್ಳುವ ಧೈರ್ಯವೂ ಅಷ್ಟೇ ದೊಡ್ಡದು. ಶಾಲೆಯಲ್ಲಿ ಹೆಚ್ಚಾಗಿ ಕೊರತೆಯಾಗಿರುವುದು ಈ ಎರಡನೆಯದು.

ಇನ್ನೊಂದು ಸೂಕ್ಷ್ಮವಾದ ವಿಷಯವುಂಟು. ಒಂದಾಗಿ ದುಡಿಯುವುದಕ್ಕೆ ಅಡ್ಡಿಯಾಗುವವರು ಕೆಲಸಗಳ್ಳರು ಮಾತ್ರವೆಂದು ತಿಳಿಯುವುದು ಸರಿಯಲ್ಲ. ಎಷ್ಟೋ ವೇಳೆ ಅತ್ಯುತ್ತಮ ಶಿಕ್ಷಕನೇ ಅಡ್ಡಿಯಾಗುತ್ತಾನೆ. ‘ನನ್ನ ತರಗತಿ, ನನ್ನ ಮಕ್ಕಳು, ನಾನು ಕಲಿಸಿದ ಲೆಕ್ಕ’ ಎಂದು ಅವನು ಹಗಲಿರುಳೂ ದುಡಿಯುತ್ತಾನೆ. ಅವನ ಕೋಣೆಯು ಬೆಳಗುತ್ತದೆ. ಆದರೆ ಆ ಬೆಳಕು ಗೋಡೆಯನ್ನು ದಾಟುವುದಿಲ್ಲ. ಸೊನ್ನಲಿಗೆಯಲ್ಲಿ ಸಿದ್ಧರಾಮರು ಕೆರೆಗಳನ್ನು ಕಟ್ಟಿಸುವುದರಲ್ಲಿ ಮಗ್ನರಾಗಿದ್ದಾಗ ಅಲ್ಲಮಪ್ರಭುಗಳು ಹೋಗಿ ಅವರನ್ನು ಕೆಣಕಿದ ಪ್ರಸಂಗವು ನೆನಪಾಗುತ್ತದೆ. ಕೆರೆ ಕಟ್ಟುವುದು ತಪ್ಪೆಂದು ಪ್ರಭುಗಳ ಅಭಿಪ್ರಾಯವಲ್ಲ. ಕಟ್ಟಿದೆನೆಂಬ ಕರ್ತೃತ್ವಭಾವವು ಕಟ್ಟೆಗಿಂತ ಎತ್ತರವಾಗಬಾರದೆಂಬುದು ಅದರ ತಾತ್ಪರ್ಯ. ಸಿದ್ಧರಾಮರು ಆ ಮಾತನ್ನು ಸ್ವೀಕರಿಸಿ ಕಲ್ಯಾಣಕ್ಕೆ ಬಂದರು. ಪ್ರಭುಗಳ ಮತ್ತು ಚೆನ್ನಬಸವಣ್ಣನವರ ತರುವಾಯ ಶೂನ್ಯಪೀಠವನ್ನೇರಿದವರು ಅವರೇ ಎಂದು ಪರಂಪರೆಯು ಹೇಳುತ್ತದೆ. ಒಬ್ಬಂಟಿಯಾಗಿ ದುಡಿಯುವ ಉತ್ತಮ ಶಿಕ್ಷಕನಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. ‘ಎಲ್ಲರ ಹೊಣೆಯೆಂದರೆ ಯಾರ ಹೊಣೆಯೂ ಅಲ್ಲವೆಂದಾಗುತ್ತದೆ. ಎಲ್ಲರೂ ಸೇರಿ ಮಾಡುವ ಕೆಲಸದಲ್ಲಿ ಕಳ್ಳನು ಅಡಗಿಕೊಳ್ಳುತ್ತಾನೆ. ತನ್ನ ಕಾಯಕವನ್ನು ತಾನು ಮಾಡಬೇಕೆಂದು ಶರಣರೇ ಬೋಧಿಸಿಲ್ಲವೆ?’ ಎಂದು ಕೇಳುವವರುಂಟು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಕಾಯಕವನ್ನು ಇನ್ನೊಬ್ಬರ ಹೆಗಲಿಗೆ ಹೊರಿಸುವುದನ್ನು ಶರಣರು ಎಂದೂ ಒಪ್ಪಲಿಲ್ಲ. ಆದರೆ ಕಾಯಕದ ಜೊತೆಗೆ ದಾಸೋಹವನ್ನೂ ಅವರು ವಿಧಿಸಿದರೆಂಬುದನ್ನು ಮರೆಯಬಾರದು. ದುಡಿಮೆಯು ತನ್ನದು, ಫಲವು ಎಲ್ಲರದು. ಶಿಕ್ಷಕನ ಕಾಯಕದ ಫಲವೆಂದರೆ ಮಗುವಿನ ಕಲಿಕೆ ಮಾತ್ರವಲ್ಲ. ಕಲಿಸುತ್ತ ಕಲಿಸುತ್ತ ಅವನಿಗೆ ಆದ ಅನುಭವವೂ ಫಲವೇ. ಅದನ್ನು ಬಚ್ಚಿಟ್ಟುಕೊಂಡರೆ ದಾಸೋಹಕ್ಕೆ ಲೋಪ ಬರುತ್ತದೆ. ನಮ್ಮ ರಾಜ್ಯದ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟಕ್ಕೆ ಅಕ್ಷರ ದಾಸೋಹವೆಂಬ ಹೆಸರನ್ನಿಟ್ಟಿರುವುದು ಎಲ್ಲರಿಗೂ ಗೊತ್ತು. ಅನ್ನವನ್ನು ಒಟ್ಟಿಗೆ ಕುಳಿತು ಉಣ್ಣುವ ಶಾಲೆಯಲ್ಲಿ ಅನುಭವವನ್ನು ಮಾತ್ರ ಬೇರೆ ಬೇರೆ ಬುತ್ತಿಯಲ್ಲಿ ಕಟ್ಟಿಡುವುದು ಸರಿಯೆ?

ಒಂದಾಗುವುದೆಂದರೆ ಒಂದೇ ತೆರನಾಗುವುದೂ ಅಲ್ಲ. ಮೂಡುಬಿದಿರೆಯಲ್ಲಿ 1430ರಲ್ಲಿ ನಿರ್ಮಾಣಗೊಂಡ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲವೆಂದು ಜನ ಹೇಳುತ್ತಾರೆ. ಆದರೂ ಹೊತ್ತಿರುವ ಮಾಡು ಒಂದೇ. ಹಾಡಿ ಕಲಿಸುವವರು, ಚಿತ್ರ ಬರೆದು ಕಲಿಸುವವರು, ಶಿಸ್ತಿನವರು, ಸಲಿಗೆಯವರು ಎಲ್ಲರೂ ಶಾಲೆಗೆ ಬೇಕು. ಈ ಸೀಮೆಯ ಯಕ್ಷಗಾನವನ್ನೇ ನೋಡಿರಿ. ಕಲಾವಿದರಿಗೆ ಬರೆದು ಕೊಟ್ಟ ಸಂಭಾಷಣೆಯಿಲ್ಲ. ಅರ್ಥವನ್ನು ಅಲ್ಲಿಯೇ ಕಟ್ಟಿ ಹೇಳಬೇಕು. ಆದರೂ ಬೆಳಗಿನವರೆಗೆ ಪ್ರಸಂಗವು ಕೆಡದೆ ಸಾಗುವುದು, ಭಾಗವತರ ಹಾಡಿಗೆ ಚೆಂಡೆ ಮದ್ದಳೆಗಳೂ ವೇಷಧಾರಿಗಳೂ ಕಿವಿಗೊಟ್ಟಿರುವುದರಿಂದ. ಎದುರಿನವನ ಮಾತನ್ನು ಕೇಳಿಯೇ ತನ್ನ ಮಾತನ್ನು ಆಡುವುದರಿಂದ. ಕೇಳುವ ಅಭ್ಯಾಸವೇ ಮೇಳದ ಜೀವ. ಶಾಲೆಯೂ ಒಂದು ಮೇಳವೇ ಅಲ್ಲವೆ?

ಇದು ಆಗದ ಮಾತಲ್ಲವೆಂಬುದಕ್ಕೆ ನಿದರ್ಶನಗಳುಂಟು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನಿಂದ ‘ನಲಿ-ಕಲಿ’ಯು ಆರಂಭವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ತಂತಮ್ಮ ವೇಗದಿಂದ ಕಲಿಯುವುದನ್ನು ಕಂಡರು. ಹಿಂದಿರುಗಿ ಬಂದು ಒಟ್ಟಿಗೆ ಕುಳಿತು ಕನ್ನಡದ ಮಕ್ಕಳಿಗೆ ತಕ್ಕ ಕಾರ್ಡುಗಳನ್ನೂ ಕಲಿಕೆಯ ಏಣಿಯನ್ನೂ ತಾವೇ ರಚಿಸಿದರು. ಪಠ್ಯವನ್ನು ಮೇಲಿನವರು ಬರೆಯುವುದು, ಶಿಕ್ಷಕರು ಒಪ್ಪಿಸುವುದು ಎಂಬ ಕ್ರಮವು ಅಲ್ಲಿ ತಲೆಕೆಳಗಾಯಿತು. 2009-10ರಿಂದ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ವಿಸ್ತರಿಸಿದಾಗ ಕಾರ್ಡುಗಳು ಎಲ್ಲೆಡೆಗೂ ಬಂದವು. ಆದರೆ ಕಾರ್ಡುಗಳನ್ನು ಸೃಷ್ಟಿಸಿದ ಆ ಕೂಡಿ ಕುಳಿತುಕೊಳ್ಳುವ ಮನೋಧರ್ಮವನ್ನು ಪೆಟ್ಟಿಗೆಯಲ್ಲಿಟ್ಟು ಕಳುಹಿಸುವುದಕ್ಕಾಗುವುದಿಲ್ಲ. ಅದನ್ನು ಪ್ರತಿಯೊಂದು ಶಾಲೆಯೂ ತಾನೇ ಬೆಳೆಸಿಕೊಳ್ಳಬೇಕು.

ಜಪಾನು ದೇಶದ ಪ್ರಾಥಮಿಕ ಶಾಲೆಗಳಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ನಡೆದು ಬಂದ ಒಂದು ಪದ್ಧತಿಯುಂಟು. ಕೆಲವರು ಶಿಕ್ಷಕರು ಸೇರಿ ಒಂದು ಪಾಠವನ್ನು ಯೋಜಿಸುತ್ತಾರೆ. ಒಬ್ಬರು ಅದನ್ನು ತರಗತಿಯಲ್ಲಿ ಕಲಿಸುತ್ತಾರೆ; ಉಳಿದವರು ಹಿಂದೆ ನಿಂತು ನೋಡುತ್ತಾರೆ. ಅವರು ಮುಖ್ಯವಾಗಿ ನೋಡುವುದು ಮಕ್ಕಳನ್ನು: ಯಾವ ಮಗು ಎಲ್ಲಿ ತಡೆಯಿತು, ಯಾವ ಪ್ರಶ್ನೆಗೆ ಮುಖ ಅರಳಿತು ಎಂಬುದನ್ನು. ಆಮೇಲೆ ಕೂಡಿ ಚರ್ಚಿಸಿ ಪಾಠವನ್ನು ತಿದ್ದುತ್ತಾರೆ. ಪಾಠವು ಎಲ್ಲರದೂ ಆದುದರಿಂದ ಅದರ ದೋಷವು ಒಬ್ಬರ ಅವಮಾನವಾಗುವುದಿಲ್ಲ.

ನಮ್ಮ ಸಮಾಜದ ಇತಿಹಾಸದಲ್ಲಿಯೇ ಇನ್ನೊಂದು ಉದಾಹರಣೆ ಇದೆ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಒಟ್ಟುಗೂಡಿ ಒಂದು ಶಾಲೆಯಿಂದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು. ವಚನಸಾಹಿತ್ಯಕ್ಕೆ ಸೇವೆ ಸಲ್ಲಿಸಿದ ಬಸವನಾಳ ಶಿವಲಿಂಗಪ್ಪನವರು ಅವರಲ್ಲೊಬ್ಬರು. ಈ ಏಳರಲ್ಲಿ ಇಂಥವರೊಬ್ಬರ ಸಂಸ್ಥೆಯಿದು ಎಂದು ಇಂದಿಗೂ ಯಾರೂ ಹೇಳುವುದಿಲ್ಲ. ಏಳು ಮಂದಿಯನ್ನೂ ಒಟ್ಟಾಗಿಯೇ ನೆನೆಯುತ್ತಾರೆ. ಗುರುವೃಂದಕ್ಕೆ ಇದಕ್ಕಿಂತ ಹೆಚ್ಚಿನ ಗೌರವವೇನಿದೆ?

ಆದರೆ ಇಷ್ಟನ್ನು ಕೇಳಿ ದೊಡ್ಡ ಯೋಜನೆಗಳಿಗೆ ಕೈಹಾಕಬೇಕಾಗಿಲ್ಲ. ಸರಕಾರದ ವ್ಯವಸ್ಥೆಯಲ್ಲಿ ಸಮೂಹ ಸಂಪನ್ಮೂಲ ಕೇಂದ್ರಗಳೂ ಸಮಾಲೋಚನಾ ಸಭೆಗಳೂ ಇವೆ. ಸಭೆಯೆಂಬುದು ಸುತ್ತೋಲೆ ಓದುವುದರಲ್ಲಿ, ಅಂಕಿಅಂಶ ತುಂಬುವುದರಲ್ಲಿ ಮುಗಿದರೆ ಅದು ಗೋಷ್ಠಿಯಾಗುವುದಿಲ್ಲ. ಒಂದು ಶಾಲೆಯ ಒಳಗೆ, ವಾರಕ್ಕೊಂದು ಗಂಟೆ, ನಿಜವಾದ ಗೋಷ್ಠಿ ನಡೆದರೆ ಸಾಕು. 2009ರ ಶಿಕ್ಷಣ ಹಕ್ಕು ಕಾಯಿದೆಯು 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರನ್ನು ವಿಧಿಸಿದೆ. ಇಬ್ಬರಿರುವಲ್ಲಿಯೂ ಗೋಷ್ಠಿ ಸಾಧ್ಯ. ಆ ಇಬ್ಬರೇ ಮಾತು ಬಿಟ್ಟರೆ ಆ ಶಾಲೆಯ ಗತಿಯೇನು?

ಗೋಷ್ಠಿಗೆ ಕೆಲವು ನಿಯಮಗಳನ್ನು ಸೂಚಿಸಬಹುದು. ಮೊದಲನೆಯದಾಗಿ, ಮಾತು ಒಂದು ಮಗುವಿನಿಂದ ಆರಂಭವಾಗಬೇಕು, ಶಿಕ್ಷಕನಿಂದಲ್ಲ. ‘ನೀವು ಹೀಗೇಕೆ ಕಲಿಸಿದಿರಿ?’ ಎಂದರೆ ಜಗಳ. ‘ಈ ಮಗು ಕಳೆಯುವ ಲೆಕ್ಕದಲ್ಲಿ ದಶಕವನ್ನು ಬಿಡಿಸುವಾಗ ತಪ್ಪುತ್ತಿದೆ, ನಿಮ್ಮ ತರಗತಿಯಲ್ಲಿ ಯಾವ ಕ್ರಮದಿಂದ ಹೇಳಿಕೊಟ್ಟಿದ್ದಿರಿ?’ ಎಂದರೆ ವಿಚಾರ. ಎರಡನೆಯ ತರಗತಿಯಲ್ಲಿ ಒಂದು ಕ್ರಮ, ಮೂರನೆಯದರಲ್ಲಿ ಇನ್ನೊಂದು ಕ್ರಮ ಕಲಿತ ಮಗು ಎರಡನ್ನೂ ಬೆರಸಿ ತಪ್ಪು ಮಾಡುತ್ತದೆ. ಆಗ ಪ್ರೌಢಶಾಲೆಯವರು ಪ್ರಾಥಮಿಕ ಶಾಲೆಯನ್ನೂ, ಐದನೆಯ ತರಗತಿಯವರು ಮೂರನೆಯದನ್ನೂ, ಒಂದನೆಯ ತರಗತಿಯವರು ಮನೆಯನ್ನೂ ದೂರುವ ಸರಪಳಿ ಬೆಳೆಯುತ್ತದೆ. ಎರಡನೆಯದಾಗಿ, ಕಿರಿಯರು ಮೊದಲು ಮಾತಾಡಲಿ, ಮುಖ್ಯೋಪಾಧ್ಯಾಯರು ಕೊನೆಗೆ. ಅತಿಥಿ ಶಿಕ್ಷಕಿಯ ಮಾತಿಗೂ, ಬಿಸಿಯೂಟ ಬಡಿಸುವ ತಾಯಿಯ ಮಾತಿಗೂ ಅಲ್ಲಿ ಸ್ಥಾನವಿರಲಿ. ಯಾವ ಮಗು ಊಟ ಬಿಡುತ್ತಿದೆ, ಯಾವ ಮಗು ಹಸಿದು ಬರುತ್ತಿದೆ ಎಂಬುದು ಆ ತಾಯಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಮೂರನೆಯದಾಗಿ, ತನ್ನ ಸೋಲೊಂದನ್ನು ಮೊದಲು ಹೇಳಿಕೊಳ್ಳುವವನು ಹಿರಿಯನಾಗಿರಲಿ. ಹಿರಿಯನು ‘ನನಗೆ ತಿಳಿಯಲಿಲ್ಲ’ ಎಂದ ದಿನ ಕಿರಿಯರ ನಾಲಗೆಯ ಗಂಟು ಬಿಚ್ಚುತ್ತದೆ. ನಾಲ್ಕನೆಯದಾಗಿ, ಗೋಷ್ಠಿಯಲ್ಲಿ ಆಡಿದ ಮಾತು ಗೋಷ್ಠಿಯ ಹೊರಗೆ ಚಾಡಿಯಾಗಕೂಡದು.

ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಉಪಾಧ್ಯಾಯರಾಗಿದ್ದು, ಶಾಲೆಗಳ ತನಿಖಾಧಿಕಾರಿಯೂ ಆಗಿದ್ದರು. ಅವರು ಮಕ್ಕಳಿಗಾಗಿ ಕಟ್ಟಿದ ಹಾಡುಗಳೂ ಹೇಳಿದ ಕಥೆಗಳೂ ಕನ್ನಡ ನಾಡಿನ ಎಲ್ಲ ತರಗತಿಗಳ ಸೊತ್ತಾದವು. ಒಬ್ಬ ಶಿಕ್ಷಕನು ಮಾಡಿದ ಒಳ್ಳೆಯದು ಅವನೊಬ್ಬನ ಕೋಣೆಯಲ್ಲಿ ಉಳಿಯಬೇಕಾಗಿಲ್ಲವೆಂಬುದಕ್ಕೆ ಈ ಮಣ್ಣಿನಲ್ಲಿಯೇ ಇಂಥ ಸಾಕ್ಷಿಯಿದೆ.

ಕಡೆಯದಾಗಿ ಗೃಹಸ್ಥಬಂಧುಗಳಿಗೆ ಒಂದು ವಿಜ್ಞಾಪನೆ. ಗುರುವೃಂದವನ್ನು ಒಡೆಯುವವರಲ್ಲಿ ನಾವೂ ಇದ್ದೇವೆ. ಮಕ್ಕಳ ಮುಂದೆ ಕುಳಿತು, ‘ಆ ಮಾಷ್ಟ್ರು ಒಳ್ಳೆಯವರು, ಈ ಟೀಚರು ಸಾಲದು’ ಎಂದು ತೂಗಿ ನೋಡುತ್ತೇವೆ. ಒಬ್ಬರ ಮೇಲಿನ ದೂರನ್ನು ಇನ್ನೊಬ್ಬರ ಬಳಿ ಒಯ್ಯುತ್ತೇವೆ. ಶಾಲಾಭಿವೃದ್ಧಿ ಸಮಿತಿಯಲ್ಲಿ ಕುಳಿತಾಗ ಗೋಡೆಯ ಸುಣ್ಣವನ್ನೂ ಮಾಡಿನ ಹಂಚನ್ನೂ ವಿಚಾರಿಸುತ್ತೇವೆ. ಶಿಕ್ಷಕರಿಗೆ ಕೂಡಿ ಕುಳಿತು ಮಾತಾಡಲು ಹೊತ್ತು ಸಿಗುತ್ತಿದೆಯೆ ಎಂದು ವಿಚಾರಿಸುವುದಿಲ್ಲ. ಮುಂದಿನ ಸಭೆಯಲ್ಲಿ ಅದನ್ನೊಂದು ಕೇಳಿ ನೋಡಿರಿ. ಘಟ್ಟವಿಳಿದು ಹೋದ ನಿಮ್ಮ ಮಗನೋ ಸೊಸೆಯೋ ಶಿಕ್ಷಕರಾಗಿದ್ದರೆ, ಊರಿನ ಮಾತನ್ನು ಊರಿನವರಿಂದ ಕೇಳಿ ಕಲಿಯುವುದರಲ್ಲಿ ಗುರುಸ್ಥಾನಕ್ಕೆ ಕುಂದಿಲ್ಲವೆಂದು ಅವರಿಗೆ ಕಾಗದ ಬರೆಯಿರಿ, ಫೋನಿನಲ್ಲಾದರೂ ಹೇಳಿರಿ.

ಆ ಹುಡುಗಿ ಇನ್ನೊಮ್ಮೆ ಎದ್ದು ನಿಂತು ‘ಇಲ್ಲ್’ ಎಂದಾಗ, ಶಿಕ್ಷಕರು ಪಕ್ಕದ ಕೋಣೆಯ ಬಾಗಿಲಿಗೆ ಹೋಗಿ ಕೇಳುವಂತಾಗಲಿ. ಕೇಳಿ ಹಿಂತಿರುಗಿ ಬಂದು, ‘ಹೌದಮ್ಮಾ, ಅದು ಮನೆಯೇ’ ಎಂದು ಹೇಳುವಂತಾಗಲಿ. ಅಂಥ ಗುರುವೃಂದವು ನಮ್ಮ ಪ್ರತಿಯೊಂದು ಊರಿನ ಶಾಲೆಯಲ್ಲಿ ನೆಲೆಗೊಳ್ಳುವಂತೆ ಶರಣರ ಕೃಪೆಯನ್ನು ಬೇಡೋಣ. ಶರಣು ಶರಣಾರ್ಥಿ.